ಚಕ್ರ ಬಿಚ್ಚಿಟ್ಟ ದೋಣಿ

ಜುಲೈ 24, ಗುರುವಾರ, ಬೆಳಿಗ್ಗೆ 8 ಗಂಟೆ 10 ನಿಮಿಷ. ಚೆಂಬೂರಿನ ಪೊಲೀಸ್ ಠಾಣೆಗೆ ಅರವತ್ತು ದಾಟಿದ ಗೃಹಸ್ಥರೊಬ್ಬರು ಗಾಡಿಯ ಚಕ್ರವೊಂದನ್ನು ಎದೆಗವಚಿಕೊಂಡು ಬಂದರು. ಹಿಂದೆ ಒದ್ದೆ ಕೊಡೆ ಮಡಚುತ್ತ ಅವರ ಹೆಂಡತಿ. ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ಚಕ್ರ ನೋಡಿದ, ಅವರ ಮುಖ ನೋಡಿದ, ಅಪಘಾತದ ಕೇಸಿರಬೇಕೆಂದು ಒಳಗೆ ಬಿಟ್ಟ.

"ಮೇರಾ ಬೋಟ್ ಚೋರಿ ಹೋ ಗಯಾ," ಎಂದರು ಅವರು, ಅಚ್ಚ ಮೈಸೂರಿನ ಹಿಂದಿಯಲ್ಲಿ.

ಸೀನಿಯರ್ ಇನ್ಸ್‌ಪೆಕ್ಟರ್ ಸಾಹೇಬರು ಚಹಾದ ಲೋಟ ಕೆಳಗಿಟ್ಟರು. "ಬೋಟ್? ಚೆಂಬೂರ್ ಮೇ?"

ನಾಲ್ಕು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಠಾಣೆಯ ಅರ್ಧ ಸಿಬ್ಬಂದಿ ನೀರು ನಿಂತ ರಸ್ತೆಗಳಲ್ಲಿ ಟ್ರಾಫಿಕ್ ತಿರುಗಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ನೆಲದ ಮೇಲಿದ್ದ ದೋಣಿ ಕಳುವಾಗಿದೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಸಾಹೇಬರು ನಗಲಿಲ್ಲ, ಬೆರಳು ಮಾತ್ರ ಪಿಎಸ್‌ಐ ದಾನೇಶ್ವರಿಯ ಮೇಜಿನ ಕಡೆ ತೋರಿಸಿದರು. ಊರಿಗೆ ಬೇಡವಾದ ಕೇಸುಗಳೆಲ್ಲ ಆ ಮೇಜಿಗೇ ಬರುತ್ತಿದ್ದವು.

ದಾನೇಶ್ವರಿಗೆ ಮಳೆಗಾಲದಲ್ಲಿ ನಿದ್ದೆ ಕಡಿಮೆ. ಆಂಟಾಪ್ ಹಿಲ್‌ನ ತಗ್ಗಿನ ಚಾಳಿನಲ್ಲಿ ಬೆಳೆದವಳು. ಈಗ ಕ್ವಾರ್ಟರ್ಸಿನ ಮೂರನೆಯ ಮಹಡಿಯಲ್ಲಿದ್ದರೂ ನಡುವೆ ಎಚ್ಚರವಾದಾಗ ಮಂಚದಿಂದ ಕಾಲು ಇಳಿಬಿಟ್ಟು ನೆಲ ಒದ್ದೆಯಾಗಿದೆಯೇ ಎಂದು ನೋಡುವ ಅಭ್ಯಾಸ ಹೋಗಿರಲಿಲ್ಲ. ಅವಳ ಎದೆಯ ಮೇಲಿನ ಹೆಸರು ಓದಿದ್ದೇ ತಡ, ಗೃಹಸ್ಥರ ಮುಖ ಅರಳಿತು.

"ನೀವು ಕನ್ನಡದವರಾ ಮೇಡಂ? ಯಾವ ಊರು?"

"ಊರು ಆಮ್ಯಾಲೆ ಹೇಳ್ತೀನ್ರಿ. ಮೊದಲ ದೋಣಿ ಹೇಳ್ರಿ."

ಹೆಸರು ಸತ್ಯಮೂರ್ತಿ, ವಯಸ್ಸು 62. ಒಂದು ಕಾಲದಲ್ಲಿ ಇದೇ ಚೆಂಬೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹೆಂಡತಿ ಕೌಸಲ್ಯಾ. ಇಬ್ಬರೂ ಕಾರವಾರದ ಹತ್ತಿರ ಕಾಳಿ ನದಿಯ ದಂಡೆಯಲ್ಲಿ ಪುಟ್ಟ ಮನೆ ಕಟ್ಟಿಕೊಂಡಿದ್ದರು. ಗುಜರಾತಿನ ವೇರಾವಳದಲ್ಲಿ ಹದಿನಾರು ಅಡಿಯ ಫೈಬರ್ ದೋಣಿ ಮಾಡಿಸಿ, ಎರಡು ಚಕ್ರದ ಟ್ರೇಲರಿನ ಮೇಲಿಟ್ಟು, ತಮ್ಮ ಜೀಪಿಗೆ ಕಟ್ಟಿ ಎಳೆದುಕೊಂಡು ಹೊರಟಿದ್ದರು. ಬುಧವಾರ ಸಂಜೆ ಆರಕ್ಕೆ ಕೌಸಲ್ಯಾ ಅವರ ತಂಗಿ ವಾರಿಜಾ ಮನೆಗೆ ಬಂದು ತಂಗಿದರು. ಆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಟ್ರೇಲರನ್ನು ಗೇಟಿನೊಳಗೆ ಬಿಡಲಿಲ್ಲ. ಪಕ್ಕದ ಖಾಲಿ ಪ್ಲಾಟಿನಲ್ಲಿ ನಿಲ್ಲಿಸಬೇಕಾಯಿತು.

"ಹಾಗಂತ ನಾನೇನು ಸುಮ್ನೆ ಬಿಟ್ಟು ಬರ್ಲಿಲ್ಲ ಮೇಡಂ," ಎಂದು ಸತ್ಯಮೂರ್ತಿ ಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಪಟ್ಟಿ ತೆಗೆದರು. ದಾರಿಯಲ್ಲಿ ತಂಗಿದಾಗ ದೋಣಿ ಕಾಯುವುದು ಹೇಗೆಂದು ಮೂರು ತಿಂಗಳು ಓದಿ ಮಾಡಿದ ಪಟ್ಟಿ. ಎಂಜಿನ್ ಬಿಚ್ಚಿ ಮನೆಯೊಳಗೆ ಇಟ್ಟಿದ್ದರು. ಟ್ರೇಲರಿನ ಕೊಕ್ಕೆಗೆ ಬೀಗ ಹಾಕಿದ್ದರು. ಮರಕ್ಕೆ ಸರಪಳಿ ಬಿಗಿದಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಚಕ್ರ ಬಿಚ್ಚಿ, ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರವನ್ನು ಎತ್ತಿಕೊಂಡು ಬಂದಿದ್ದರು. "ಒಂಟಿ ಚಕ್ರದ ಗಾಡಿ ಎಲ್ಲಿಗೆ ಹೋಗುತ್ತೆ ಹೇಳಿ?"

"ಮಂಚದ ಪಕ್ಕದಲ್ಲೇ ಮಲಗಿಸ್ಕೊಂಡಿದ್ರು ಅದನ್ನ," ಎಂದರು ಕೌಸಲ್ಯಾ. "ನಾನು ಹಾಲ್‌ನಲ್ಲಿ ಮಲಗಿದ್ದೆ."

ಸತ್ಯಮೂರ್ತಿ ಅದನ್ನು ಕೇಳಿಸಿಕೊಳ್ಳದವರಂತೆ ಅಂಗಿಯ ಜೇಬಿನಿಂದ ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ಬಿರಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದೂ ನನ್ನ ಹತ್ರಾನೇ ಇದೆ. ದೋಣಿಯ ಹಿಂಭಾಗದ ತಳದಲ್ಲಿ ಒಂದು ತೂತು ಇರುತ್ತೆ ಮೇಡಂ. ನೆಲದ ಮೇಲಿದ್ದಾಗ ಮಳೆನೀರು ಹರಿದುಹೋಗಲಿ ಅಂತ ಬಿರಡೆ ತೆಗೆದಿಡ್ತೀವಿ. ನೀರಿಗೆ ಇಳಿಸೋವಾಗ ಮತ್ತೆ ಹಾಕ್ತೀವಿ."

"ಹಾಕದ ಇಳಿಸಿದ್ರ?"

"ಮುಳುಗುತ್ತೆ!" ಎಂದರು ಅವರು. ದನಿಯಲ್ಲಿ ಕಳ್ಳನಿಗೆ ತಕ್ಕ ಶಾಸ್ತಿಯಾಯಿತೆಂಬ ಗೆಲುವು ಇತ್ತು.

ದಾನೇಶ್ವರಿ ಬರೆಯುವುದನ್ನು ನಿಲ್ಲಿಸಿದಳು. "ಎಷ್ಟ್ ಹೊತ್ತಿಗೆ?"

"ಖಾಲಿ ಇದ್ರೆ ಗಂಟೆ ಹಿಡಿಯುತ್ತೆ. ಜನ ಕೂತ್ರೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ಮೇಲೆ ಹಲಗೆ ಹಾಸಿದೆಯಲ್ಲ, ನೀರು ಅದರ ಕೆಳಗೇ ತುಂಬುತ್ತೆ. ಕಾಲಿಗೆ ತೇವ ಆಗೋ ಹೊತ್ತಿಗೆ ಭಾರಕ್ಕೆ ಮಗುಚಿಕೊಳ್ಳುತ್ತೆ."

"ಕದ್ದಾಂವಗ ಇದು ಗೊತ್ತಿರ್ತೈತೇನ್ರಿ?"

"ದೋಣಿ ಪಳಗಿದವನಿಗೆ ಗೊತ್ತಿರುತ್ತೆ..." ಅವರ ಗೆಲುವು ಅಲ್ಲಿಗೆ ಇಳಿಯಿತು. ದಾನೇಶ್ವರಿ ಬಿರಡೆಯನ್ನು ಅವರ ಕೈಗೆ ಮರಳಿಸಿದಳು. ಹೊರಗೆ ಮಳೆ ಜೋರಾಯಿತು. 8:55ಕ್ಕೆ ಬಿಎನ್‌ಎಸ್ ಕಲಂ 303(2)ರ ಕೆಳಗೆ ಕಳವಿನ ಎಫ್‌ಐಆರ್ ದಾಖಲಾಯಿತು. ಅದರಲ್ಲಿ ಬಿರಡೆಗೆ ಒಂದು ಸಾಲು ಸಿಕ್ಕಿತು. ದಾನೇಶ್ವರಿಯ ತಲೆಯಲ್ಲಿ ಮಾತ್ರ ಆ ಹೊತ್ತಿನಿಂದ ಅದೊಂದೇ ತಿರುಗತೊಡಗಿತು.

9:40ಕ್ಕೆ ಸ್ಥಳ ಪಂಚನಾಮೆ. ಸೊಸೈಟಿಯ ವಾಚ್‌ಮನ್ ಮತ್ತು ಚಹಾದಂಗಡಿಯವನು ಪಂಚರು. ಜೊತೆಗೆ ಹವಾಲ್ದಾರ್ ಭೀಮರಾಯ. ಅವನು ಅಕ್ಕಲಕೋಟೆ ಕಡೆಯವನು, ನಿವೃತ್ತಿಗೆ ಮೂರು ವರ್ಷವಿತ್ತು. ಮರಾಠಿಯಲ್ಲಿ ಬರೆಯುತ್ತಿದ್ದ, ಕನ್ನಡದಲ್ಲಿ ಬಯ್ಯುತ್ತಿದ್ದ. ಸರಪಳಿಯನ್ನು ಕಟರಿನಿಂದ ಕತ್ತರಿಸಲಾಗಿತ್ತು. ಕೊಕ್ಕೆಯ ಬೀಗ ಒಡೆದು ಬಿದ್ದಿತ್ತು. ಮರದ ದಿಮ್ಮಿ ಪಕ್ಕಕ್ಕೆ ಸರಿದಿತ್ತು, ಕೆಸರಿನಲ್ಲಿ ಜಾಕ್ ಊರಿದ ಗುರುತು.

"ಚಕ್ರ ತಂದು ಹಾಕ್ಯಾನ್ರಿ," ಎಂದ ಭೀಮರಾಯ. ಸತ್ಯಮೂರ್ತಿಯವರು ಠಾಣೆಯಲ್ಲಿ ಬಿಟ್ಟುಬಂದ ಚಕ್ರವನ್ನು ಅವನು ತಿರುವಿ ನೋಡಿ ಬಂದಿದ್ದ. "ಇದು ಛೋಟಾ ಹಾಥಿ ಟೆಂಪೊದ ಚಕ್ರ ಐತಿ ಮೇಡಂರೀ. ಟ್ರೇಲರ್ ಮಾಡಾವ್ರು ಸಿಕ್ಕದ್ದು ಹಾಕಿರ್ತಾರ. ಮುಂಬೈದಾಗ ಇಂಥಾ ಸ್ಟೆಪ್ನಿ ಇಲ್ಲದ ಗಲ್ಲಿ ತೋರ್ಸ್ರಿ ನನಗ."

ಮೂರು ತಿಂಗಳ ವಿದ್ಯೆಯನ್ನು ಕಳ್ಳ ತನ್ನ ಟೆಂಪೊದ ಸ್ಟೆಪ್ನಿಯಿಂದ ಗೆದ್ದಿದ್ದ. ಸತ್ಯಮೂರ್ತಿ ಪೆಚ್ಚಾಗಿ ನಿಂತರು.

ಅಷ್ಟರಲ್ಲಿ ಕೌಸಲ್ಯಾ ಪ್ಲಾಟಿನ ಗೋಡೆಯ ಕಡೆ ಕೈ ತೋರಿಸಿದರು. "ಅಯ್ಯೋ, ನಮ್ಮ ತಾಯಿ!"

ದೋಣಿಯ ಮೂತಿಗೆ ಅವರು ಚಾಮುಂಡೇಶ್ವರಿಯ ಚಿಕ್ಕ ಪಟವೊಂದನ್ನು ಕಟ್ಟಿದ್ದರು. ಅದು ಈಗ ಗೋಡೆಯ ಗೂಡಿನಲ್ಲಿತ್ತು, ಮಳೆ ಬೀಳದ ಜಾಗದಲ್ಲಿ. ಪಟದ ಕೆಳಗೆ ಕ್ಯಾಲೆಂಡರಿನ ಹಾಳೆ ಮಡಚಿ ಹಾಸಿತ್ತು. ಮುಂದೆ ಉರಿದು ಮುಗಿದ ಊದುಬತ್ತಿ. ಗೂಡಿನ ಕಲ್ಲಿಗೆ ಮೂರು ಬೆರಳಿನಿಂದ ಎಳೆದ ವಿಭೂತಿ.

ಭೀಮರಾಯ ಟೋಪಿ ತೆಗೆದು ತಲೆ ಕೆರೆದುಕೊಂಡ. "ದೋಣಿ ಕದ್ದ, ದೇವರ್ನ ಕದೀಲಿಕ್ಕೆ ಮನಸ್ಸ ಆಗಿಲ್ಲ. ಇಂವಾ ನಮ್ಮ ಕಡ್ಯಾಂವ ಮೇಡಂರೀ. ಹಾಳಿ ನೋಡ್ರಿ, ಕನ್ನಡದ್ದು."

ಮುಗಿದುಹೋದ ಜೂನ್ ತಿಂಗಳ ಹಾಳೆ. ಐದಾರು ದಿನಾಂಕಗಳ ಸುತ್ತ ಪೆನ್ಸಿಲಿನ ಗುಂಡು. ಒಂದೊಂದರೊಳಗೂ ಎರಡೆರಡು ಅಂಕಿ: 11.15, 4.6, 12.05, 4.7. ಹಿಂಬದಿಯಲ್ಲಿ ಅದೇ ಕೈ ಜುಲೈಯ ದಿನಾಂಕಗಳನ್ನೂ ಬರೆದಿತ್ತು. ಟೆಂಪೊ ಬಾಡಿಗೆಯ ಹೊತ್ತು ಮತ್ತು ದೂರ ಇರಬೇಕೆಂದು ಭೀಮರಾಯ ಊಹಿಸಿದ. ದಾನೇಶ್ವರಿ ಅದರ ಎರಡೂ ಬದಿಯ ಫೋಟೊ ತೆಗೆದುಕೊಂಡು ಹಾಳೆಯನ್ನು ಸೀಲು ಮಾಡಿದಳು.

ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ನಸುಕಿನ 3:52ಕ್ಕೆ ಒಂದು ಚಿಕ್ಕ ಟೆಂಪೊ ತಾಡಪತ್ರಿ ಹೊದಿಸಿದ ಉದ್ದನೆಯ ಹೇರನ್ನು ಎಳೆದುಕೊಂಡು ಹೋಗಿತ್ತು. ನಂಬರ್ ಪ್ಲೇಟು ಕಾಣುತ್ತಿರಲಿಲ್ಲ. ವಿಚಿತ್ರವೆಂದರೆ ಅದು ಹೆದ್ದಾರಿಯ ಕಡೆ ತಿರುಗಿರಲಿಲ್ಲ, ಊರೊಳಗೆ ಸಾಯನ್ ಕಡೆ ತಿರುಗಿತ್ತು. ಮಾರುವವನು ಮುಂಬೈಯಿಂದ ಹೊರಗೆ ಓಡುತ್ತಾನೆ. ಇವನು ದೋಣಿಯನ್ನು ಊರ ಹೊಟ್ಟೆಯೊಳಗೆ ಒಯ್ದಿದ್ದ.

"ಜೆಟ್ಟಿ ದೇಖೋ," ಎಂದರು ಸೀನಿಯರ್ ಸಾಹೇಬರು. ಗುರುವಾರವೆಲ್ಲ ಮಾಹುಲ್, ಟ್ರಾಂಬೆ, ಶಿವಡಿ ಎಂದು ಸುತ್ತಿದ್ದೇ ಬಂತು. ಮೀನುಗಾರಿಕೆ ನಿಷೇಧದ ದಿನಗಳಾದ್ದರಿಂದ ಎಲ್ಲ ದೋಣಿಗಳೂ ದಂಡೆ ಹತ್ತಿದ್ದವು, ಒಂದೂ ಸತ್ಯಮೂರ್ತಿಯವರದಲ್ಲ. ಸಂಜೆಗೆ ಶುಕ್ರವಾರದ ರೆಡ್ ಅಲರ್ಟ್ ಬಂತು. ದಾನೇಶ್ವರಿ ಮನೆಗೆ ಹೋದಳು, ಉಂಡಳು, ತಾಯಿ ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟಳು. ತೂತಿರುವ ದೋಣಿಯಲ್ಲಿ ಯಾರೋ ಕೂರುತ್ತಾರೆ, ಯಾರು, ಎಲ್ಲಿ ಎಂಬುದು ಅವಳನ್ನು ನಿಲ್ಲಲೂ ಬಿಡಲಿಲ್ಲ, ಕೂರಲೂ ಬಿಡಲಿಲ್ಲ.

ಜುಲೈ 25, ಶುಕ್ರವಾರ, ಬೆಳಿಗ್ಗೆ 8:15. ಮಾಹುಲ್ ಜೆಟ್ಟಿ. ನಿನ್ನೆ ಬಾಕಿ ಉಳಿದ ಎರಡು ಶೆಡ್ಡು ನೋಡಲು ಬಂದಿದ್ದರು. ಬಲೆ ಹೊಲಿಯುತ್ತ ಕೂತಿದ್ದ ಕೋಲಿ ಬೆಸ್ತರ ಹೆಂಗಸು ಸಪ್ನಾ, ದಾನೇಶ್ವರಿಯ ಫೋನಿನಲ್ಲಿದ್ದ ಹಾಳೆಯ ಫೋಟೊ ಇಣುಕಿ ನೋಡಿದಳು.

"ಕಿಸ್ಕಾ ಹೈ ಯೇ?"

"ಚೋರ್ ಕಾ. ಟೆಂಪೊ ಕಾ ಹಿಸಾಬ್ ಹೈ."

ಸಪ್ನಾ ನಕ್ಕಳು. "ಹಿಸಾಬ್ ಕಾಯ್ ಕಾ, ಮ್ಯಾಡಂ? ಯೇ ತೋ ಭರತಿ ಹೈ. ಟೈಮ್, ಔರ್ ಪಾನಿ ಕಿತ್ನಾ ಮೀಟರ್ ಚಢೇಗಾ. ಆಜ್ ಕಾ ಭೀ ಲಿಖಾ ಹೈ ನಾ. ಬಾರಾ ಚಾಲೀಸ್."

ಭರತಿ! ಸಮುದ್ರ ಉಕ್ಕುವ ಹೊತ್ತು, ನೀರು ಏರುವ ಎತ್ತರ. ತಗ್ಗಿನ ಚಾಳಿನಲ್ಲಿ ಬೆಳೆದೂ ತನಗೆ ಹೊಳೆಯಲಿಲ್ಲವೆಂದು ದಾನೇಶ್ವರಿಗೆ ತನ್ನ ಮೇಲೇ ಸಿಟ್ಟು ಬಂತು. ಮಳೆ ಸುರಿಯುವಾಗ ಭರತ ಏರಿದರೆ ಚರಂಡಿಯ ನೀರು ಸಮುದ್ರಕ್ಕೆ ಹೋಗುವುದಿಲ್ಲ, ಮನೆಗಳಿಗೆ ನುಗ್ಗುತ್ತದೆ. ಭರತದ ಹೊತ್ತನ್ನು ಬರೆದಿಟ್ಟುಕೊಳ್ಳುವ ಈ ಕಳ್ಳ ಬೆಸ್ತನಲ್ಲ, ದೋಣಿಯ ಗಂಧವೇ ಗೊತ್ತಿಲ್ಲದವನು. ಅವನು ಆ ದೋಣಿಯನ್ನು ಮಾರಲು ಒಯ್ದಿಲ್ಲ. ಇವತ್ತು ಮಧ್ಯಾಹ್ನ 12:40ಕ್ಕೆ ಅದರಲ್ಲಿ ಜನರನ್ನು ಕೂರಿಸುತ್ತಾನೆ.

ಅವಳು ಗಡಿಯಾರ ನೋಡಿದಳು. ನಾಲ್ಕು ಗಂಟೆ ಇಪ್ಪತ್ತು ನಿಮಿಷ ಉಳಿದಿತ್ತು.

9:30ಕ್ಕೆ ವಾರಿಜಾ ಮನೆ. ಸತ್ಯಮೂರ್ತಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು. ದಾನೇಶ್ವರಿ ಕೂರಲಿಲ್ಲ.

"ಬುಧವಾರ ಸಂಜಿಗೆ ಪ್ಲಾಟಿನ್ಯಾಗ ಯಾರ ಜೋಡಿ ಮಾತಾಡಿದ್ರಿ?"

"ಯಾರೂ ಇಲ್ಲ ಮೇಡಂ."

"ಕನ್ನಡದಾಗ?"

ಸತ್ಯಮೂರ್ತಿ ತಟ್ಟೆ ಕೆಳಗಿಟ್ಟರು. ಉತ್ತರ ಕೊಟ್ಟವರು ಕೌಸಲ್ಯಾ. "ಹೇಳ್ರೀ. ಆ ಟೆಂಪೊದವನ ಜೊತೆ ಮುಕ್ಕಾಲು ಗಂಟೆ ಮಾತಾಡಿದ್ರಲ್ಲ. ಟ್ರೇಲರ್ ಹಿಂದಕ್ಕೆ ತಳ್ಳೋಕೆ ಅವನೇ ಕೈ ಕೊಟ್ಟದ್ದು."

"ಅವನು ನಮ್ಮವನು ಮೇಡಂ," ಎಂದರು ಸತ್ಯಮೂರ್ತಿ, ನೊಂದ ದನಿಯಲ್ಲಿ. "ಎಷ್ಟು ಚೆನ್ನಾಗಿ ಮಾತಾಡಿದ. ಪಕ್ಕದ ಅಂಗಡಿಗೆ ಟೈಲ್ಸ್ ಇಳಿಸೋಕೆ ಬಂದಿದ್ದ. ಕನ್ನಡದವನು ಯಾಕೆ ಕದೀತಾನೆ ಅಂತ ನಾನು ಹೇಳ್ಲಿಲ್ಲ."

"ಅವಂಗ ಏನೇನ್ ತೋರ್ಸಿದ್ರಿ?"

"ಅವನೇ ಕೇಳ್ದ. ಬೀಗ, ಸರಪಳಿ, ಚಕ್ರ ಯಾಕೆ ಬಿಚ್ತೀರಿ ಅಂತ... ಎಷ್ಟು ಜನ ಕೂರಬಹುದು ಅಂತ. ಎಂಟು ಅಂದೆ."

ಪರದೇಶದಲ್ಲಿ ತನ್ನ ನುಡಿ ಕಿವಿಗೆ ಬಿದ್ದರೆ ಕನ್ನಡಿಗ ಗಂಟು ಬಿಚ್ಚಿ ತೋರಿಸುತ್ತಾನೆ. ಇವರು ತಿಜೋರಿಯ ಮುಂದೆ ಕಳ್ಳನನ್ನು ಕೂರಿಸಿ ಬೀಗದ ಪಾಠ ಹೇಳಿಕೊಟ್ಟಿದ್ದರು.

"ಬಿರಡಿ ಸುದ್ದಿ ಹೇಳಿದ್ರಿ?"

"ಇಲ್ಲ. ಅದು ಕಳ್ಳರಿಗೆ ಸಂಬಂಧಪಟ್ಟದ್ದಲ್ಲವಲ್ಲ."

"ಹೆಸರ ಏನಂದ?"

"ಹೆಸರು ಕೇಳ್ಲಿಲ್ಲ." ಆಮೇಲೆ, ತಪ್ಪೊಪ್ಪಿಕೊಳ್ಳುವವರ ಹಾಗೆ: "ಊರು ಕೇಳಿದೆ. ಇಂಡಿ ಕಡೆ, ಹಳೆ ಬರಗುಡಿ ಅಂದ. ಈಗ ಆಂಟಾಪ್ ಹಿಲ್ ಅಂತೆ."

ಭೀಮರಾಯ ಆಗಲೇ ಮೆಟ್ಟಿಲಿಳಿಯುತ್ತಿದ್ದ. "ಊರ ಸಿಕ್ತಲ್ರಿ, ಇನ್ನೇನ ಬೇಕು? ಹೆಸರ ನಾ ತೆಗೀತೀನಿ."

"ನೀವೂ ಬರ್ರಿ, ಗುರ್ತ ಹಿಡೀಬೇಕು," ಎಂದಳು ದಾನೇಶ್ವರಿ ಸತ್ಯಮೂರ್ತಿಗೆ. "ಬಿರಡಿ ತಗೊಂಡ ಬರ್ರಿ."

ದಾರಿಯಲ್ಲಿ ಭೀಮರಾಯ ಮೂರು ಫೋನು ಮಾಡಿದ. ಮೊದಲನೆಯದು ಬಣ್ಣ ಬಳಿಯುವ ಗುತ್ತಿಗೆದಾರನಿಗೆ, ಎರಡನೆಯದು ಒಬ್ಬ ಸ್ವಾಮಿಗಳ ಭಕ್ತಮಂಡಳಿಯವನಿಗೆ. ಮೂರನೆಯವನು ಹೇಳಿಬಿಟ್ಟ: ಹಳೆ ಬರಗುಡಿಯವರು ಆಂಟಾಪ್ ಹಿಲ್‌ನಲ್ಲಿ ಹದಿನೈದು ಮನೆ ಇದ್ದಾರೆ, ಟೆಂಪೊ ಇರುವುದು ಒಬ್ಬನಿಗೇ. ಗುರಲಿಂಗಪ್ಪ, ಖಾಡಿ ಚಾಳ. ಎಲ್ಲ ಸೇರಿ ಒಂಬತ್ತು ನಿಮಿಷ ಹಿಡಿದಿತ್ತು. ದಾನೇಶ್ವರಿ ಅಲ್ಲಿನ ಠಾಣೆಗೂ ಸೀನಿಯರ್ ಸಾಹೇಬರಿಗೂ ವಿಷಯ ತಿಳಿಸಿದಳು. ಅಲ್ಲಿನ ಠಾಣೆಯ ಸಿಬ್ಬಂದಿಯೆಲ್ಲ ಬೇರೆಡೆ ಜನರನ್ನು ಹೊರಗೆ ಸಾಗಿಸುತ್ತಿದ್ದರು.

ಹೆಸರು ಒಂಬತ್ತು ನಿಮಿಷಕ್ಕೆ ಸಿಕ್ಕಿತು, ದಾರಿ ಸಿಗಲಿಲ್ಲ. ಸಾಯನ್ ಹತ್ತಿರ ನೀರು ಜೀಪಿನ ಬಾನೆಟ್ಟಿಗೆ ಬಂದಿತ್ತು. 10:20ಕ್ಕೆ ನಿಂತ ಗಾಡಿ 11:05ರವರೆಗೆ ಅಲ್ಲಾಡಲಿಲ್ಲ. ದಾನೇಶ್ವರಿ ನಾಲ್ಕು ಸಲ ಬಾಗಿಲು ತೆರೆದಳು, ನಾಲ್ಕು ಸಲ ಮುಚ್ಚಿದಳು. ಐದನೆಯ ಸಲ ಇಳಿದೇಬಿಟ್ಟಳು. ಮೂವರೂ ಸೊಂಟದುದ್ದ ನೀರಿನಲ್ಲಿ ನಡೆದರು. ಸತ್ಯಮೂರ್ತಿ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯನ್ನು ಅಂಗಿಯ ಜೇಬಿನ ಮೇಲೆ ಒತ್ತಿ ಹಿಡಿದಿದ್ದರು.

11:50. ಖಾಡಿ ಚಾಳಿನ ಬಾಯಲ್ಲಿ ಒಂದು ಛೋಟಾ ಹಾಥಿ ನಿಂತಿತ್ತು, ಸ್ಟೆಪ್ನಿಯ ಜಾಗ ಖಾಲಿ. ಎರಡನೆಯ ಮನೆಯ ಬಾಗಿಲಲ್ಲಿ, ಇಟ್ಟಿಗೆಯಿಂದ ಎತ್ತರಿಸಿದ ಮಂಚದ ಮೇಲೆ ಮುದುಕಿಯೊಬ್ಬಳು ಕಾಲು ಮಡಚಿ ಕೂತಿದ್ದಳು. ಕೆಳಗೆ ಪಾತ್ರೆಗಳು ತೇಲುತ್ತಿದ್ದವು.

"ಗುರಲಿಂಗಪ್ಪನ ಮನಿ ಇದೇನಬೇ?"

"ಹೌದವ್ವ. ನಾ ಅವನ ತಾಯಿ, ಭಾಗವ್ವ. ನನ್ನೂ ಕರ್ಕೊಂಡ ಹೋಗ್ತೀರೇನು? ಬ್ಯಾಡ, ನನ ಮಗ ಬರ್ತಾನ. ದೋಣಿ ತಂದಾನ ಅಂವಾ." ಮುದುಕಿಯ ಮುಖದಲ್ಲಿ ಹೆಮ್ಮೆ ಇತ್ತು. "ಬಾಡಿಗಿ ಕೊಟ್ಟು ತಂದಾನಂತ. ಸೊಸಿ ತೀರ್ಕೊಂಡಾಗಿಂದ ಇದನ್ನ ಬಡಕೊಂತಿದ್ದ. ಮೊದಲ ಕೂಸಿನವ್ರು, ಮುಪ್ಪಿನವ್ರು ಹೋಗ್ಲಿ ಅಂತ ನನ್ನ ಹಿಂದ ಇಟ್ಟಾನ."

"ಯಾವಾಗ ಹೋದ?"

"ಈಗ ಹೊಂಟ ನೋಡು. ಗೋದಾಮಿನ ಹಿಂದಿನಿಂದ."

ಅವರು ಓಡಿದರು. ಎದೆಯುದ್ದ ಬರುತ್ತಿದ್ದ ನೀರಿನಲ್ಲಿ ಓಡುವುದು ಎಂದರೆ ಕನಸಿನಲ್ಲಿ ಓಡಿದ ಹಾಗೆ, ಜೀವ ಹೋದರೂ ಹೆಜ್ಜೆ ಮುಂದೆ ಬರುವುದಿಲ್ಲ. ಗೋದಾಮು ದಾಟಿದಾಗ ಖಾಲಿ ಟ್ರೇಲರ್ ಕಂಡಿತು. ಅದರಾಚೆ ಅರವತ್ತು ಹೆಜ್ಜೆಯಲ್ಲಿ ಬಿಳಿ ದೋಣಿ. ಏಳು ಜನ ಕೂತಿದ್ದರು: ಇಬ್ಬರು ಮುದುಕಿಯರು, ಕಾಲಿಗೆ ಪ್ಲಾಸ್ಟರಿದ್ದ ಗಂಡಸು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಿ, ಇನ್ನಿಬ್ಬರು ಹೆಂಗಸರು. ಹಿಂದೆ ಬನಿಯನ್ನಿನಲ್ಲಿ ನಿಂತ ಗುರಲಿಂಗಪ್ಪ ಬಿದಿರಿನಿಂದ ದೋಣಿ ನೂಕುತ್ತಿದ್ದ. ದೋಣಿಯ ಹಿಂಭಾಗ ಆಗಲೇ ತಗ್ಗಿತ್ತು. ಒಳಗಿನ ಹಲಗೆ ಒಣಗಿದ್ದರಿಂದ ಯಾರಿಗೂ ಅದರ ಪರಿವೆ ಇರಲಿಲ್ಲ. ಮುಂದೆ ಹತ್ತು ಮಾರಿನಲ್ಲಿ ಮಳೆನೀರಿನ ದೊಡ್ಡ ನಾಲೆ ಇತ್ತು, ನೀರು ಎರಡಾಳುದ್ದ.

"ಏ ಗುರಲಿಂಗಪ್ಪಾ! ಹೊಳ್ಳಿ ಬಾ! ತಳದಾಗ ತೂತ ಐತಿ!"

ಅವನು ತಿರುಗಿದ. ಖಾಕಿ ಕಂಡ. ಬಿದಿರನ್ನು ಇನ್ನಷ್ಟು ಬಲವಾಗಿ ಊರಿದ. ಪೊಲೀಸರು ಕೂಗಿ ಹೇಳಿದ ಸತ್ಯವನ್ನು ಯಾವ ಕಳ್ಳ ನಂಬಿದ್ದಾನೆ?

"ದೋಣಿ ನನಗೆ ಬೇಡಪ್ಪಾ! ಮಗು ಇಳಿಸು!" ಎಂದು ಸತ್ಯಮೂರ್ತಿ ಕೂಗಿದರು. ಮಳೆಯಲ್ಲಿ ಅವರ ದನಿ ಅರ್ಧ ದಾರಿಗೇ ಬಿತ್ತು. ಭೀಮರಾಯ ಈಜಲು ಹಾರುವವನಿದ್ದ, ದಾನೇಶ್ವರಿ ಅವನ ತೋಳು ಹಿಡಿದಳು. ಬೆನ್ನಟ್ಟಿದಷ್ಟೂ ಗುರಲಿಂಗಪ್ಪ ನಾಲೆಯ ಕಡೆಗೇ ಓಡುತ್ತಾನೆ. ಅವಳು ನಿಂತಲ್ಲೇ ನಿಂತು ಎರಡೂ ಕೈ ಮೇಲೆತ್ತಿದಳು.

"ನೋಡಿಲ್ಲಿ! ನಾ ಒಂದ್ ಹೆಜ್ಜಿ ಮುಂದ ಇಡೂದಿಲ್ಲ! ನಿನ್ನ ಕಾಲಾಗಿನ ಹಲಗಿ ಎತ್ತಿ ನೋಡು! ನೀರ ಇರ್ಲಿಲ್ಲಂದ್ರ ಹೋಗು ನೀ, ನಾ ಹಿಡಿಯೂದಿಲ್ಲ!"

ಬಿದಿರು ನಿಂತಿತು. ಅವನು ಅವಳನ್ನು ನೋಡಿದ, ಕೂಸನ್ನು ನೋಡಿದ. ಬಗ್ಗಿ ಹಿಂದಿನ ಹಲಗೆಗೆ ಬೆರಳು ಕೊಟ್ಟು ಎತ್ತಿದ. ಹಲಗೆಯ ಕೆಳಗೆ ನೀರು ಅಂಚಿನ ತನಕ ತುಂಬಿತ್ತು.

ಗುರಲಿಂಗಪ್ಪ ಕೂಗಲಿಲ್ಲ. "ಯಾರೂ ಅಲ್ಲಾಡಬ್ಯಾಡ್ರಿ, ನನ್ನವ್ವಗೋಳಾ," ಎಂದಷ್ಟೇ ಅಂದು ಭಾರ ಕಡಿಮೆಯಾಗಲೆಂದು ತಾನೇ ನೀರಿಗಿಳಿದ. ಕುತ್ತಿಗೆಯ ತನಕ ನೀರು. ತಳವನ್ನು ತಡವರಿಸಿ ತೂತು ಹುಡುಕಿ, ಅದಕ್ಕೆ ಅಂಗೈ ಒತ್ತಿ, ಹೆಗಲಿನಿಂದ ದೋಣಿಯನ್ನು ತಿರುಗಿಸಿ ನೂಕುತ್ತ ಬಂದ. ಭೀಮರಾಯ ಮುಂದಿನ ಹಗ್ಗ ಹಿಡಿದೆಳೆದ. ಕೂತಿದ್ದ ಏಳೂ ಜನರನ್ನು ಒಬ್ಬೊಬ್ಬರಾಗಿ ಗೋದಾಮಿನ ಕಟ್ಟೆಗೆ ಎತ್ತಿಕೊಟ್ಟರು. ಕೂಸು ಆಗ ಎಚ್ಚರಗೊಂಡು ಅತ್ತಿತು. ಸಮಯ 12:32.

ಸತ್ಯಮೂರ್ತಿ ನೀರೊಳಗೆ ಕೈಯಿಟ್ಟು ತೂತು ತಡಕಿದರು. ಮೂರನೆಯ ಸಲಕ್ಕೆ ಬಿರಡೆ ಕೂತಿತು. ಗೋದಾಮಿನಲ್ಲಿ ಸಿಕ್ಕ ಡಬ್ಬಿಯಿಂದ ನಾಲ್ವರೂ ಸೇರಿ ನೀರು ಎತ್ತಿ ಚೆಲ್ಲಿದರು. ಕಳ್ಳ, ಕಳಕೊಂಡವರು, ಹಿಡಿಯಲು ಬಂದವರು ಎಂಬ ಭೇದ ಆ ಅರ್ಧ ಗಂಟೆ ಯಾರಿಗೂ ನೆನಪಾಗಲಿಲ್ಲ.

"ಒಳಗೆ ಇನ್ನೂ ಎಷ್ಟು ಜನ ಇದ್ದಾರಪ್ಪಾ?" ಎಂದು ಕೇಳಿದವರು ಸತ್ಯಮೂರ್ತಿ.

"ಈ ಏಳು ಬಿಟ್ಟು ಮೂವತ್ನಾಕು ಮಂದಿರಿ. ನಡೀಲಿಕ್ಕೆ ಆಗದವ್ರು."

ಎಲ್ಲರೂ ದಾನೇಶ್ವರಿಯನ್ನು ನೋಡಿದರು. ಕಾನೂನಿನ ಪ್ರಕಾರ ಆ ಕ್ಷಣ ಆರೋಪಿಯನ್ನು ಬಂಧಿಸಬೇಕು, ಮಾಲನ್ನು ಜಪ್ತಿ ಮಾಡಬೇಕು. ಅವಳಿಗೆ ಅದು ಗೊತ್ತಿತ್ತು, ಹದಿಮೂರು ವರ್ಷದ ಸರ್ವಿಸಿನಲ್ಲಿ ಅದನ್ನೇ ಮಾಡಿದ್ದಳು.

"ದೋಣಿ ಹಿಡೀರಿ, ಭೀಮರಾಯಣ್ಣ," ಎಂದಳು.

ಮೇನ್ ರೋಡಿನ ತನಕ ಆರು ಸಲ ಹೋಗಿ ಬಂದರು. ಭಾಗವ್ವ ಕೊನೆಯ ಸಲಕ್ಕೆ ಬಂದಳು, ಮಗನ ಪಕ್ಕದಲ್ಲಿ ಪೊಲೀಸರನ್ನು ಕಂಡು ಅವರೂ ದೋಣಿಯ ಕೆಲಸಕ್ಕೇ ಬಂದವರೆಂದುಕೊಂಡು ಆಶೀರ್ವಾದ ಮಾಡಿದಳು.

ದಾನೇಶ್ವರಿ ಬಂಧನದ ಕಾಗದದಲ್ಲಿ ಸಮಯ ಬರೆದಳು: ಸಂಜೆ 4:35. ಠಾಣೆಗೆ ಮರಳಿದಾಗ ಸೀನಿಯರ್ ಸಾಹೇಬರು ಅದನ್ನು ಎರಡು ಸಲ ಓದಿದರು.

"ಬಾರಾ ಬತ್ತೀಸ್ ಕೋ ಬೋಟ್ ಮಿಲಾ, ಚಾರ್ ಪೈಂತೀಸ್ ಕೋ ಅರೆಸ್ಟ್. ಬೀಚ್ ಮೇ ಚಾರ್ ಘಂಟೇ?"

"ಪಾನಿ ಥಾ, ಸರ್."

ಸಾಹೇಬರು ಅವಳ ಒದ್ದೆ ಯೂನಿಫಾರ್ಮನ್ನು ನೋಡಿ ಸಹಿ ಹಾಕಿದರು. ಹೊರಗೆ ಸತ್ಯಮೂರ್ತಿ ದೂರನ್ನು ವಾಪಸು ತೆಗೆದುಕೊಳ್ಳುತ್ತೇನೆಂದು ಭೀಮರಾಯನ ಬೆನ್ನು ಹತ್ತಿದ್ದರು. ಅದು ಅವರ ಕೈಯಲ್ಲಿಲ್ಲ, ಕೋರ್ಟಿನ ಕೈಯಲ್ಲಿದೆ. ದೋಣಿ ಈಗ ಜಪ್ತಿಯ ಮಾಲು, ಬಿಡಿಸಿಕೊಳ್ಳಲು ಸೋಮವಾರ ಅರ್ಜಿ ಹಾಕಬೇಕು ಎಂದು ಅವನು ತಿಳಿಸಿ ಹೇಳುತ್ತಿದ್ದ. ಹಾಗಾದರೆ ಸೋಮವಾರ ಅರ್ಜಿ ಹಾಕಿಯೇ ಕಾರವಾರಕ್ಕೆ ಹೋಗುವುದೆಂದು ಕೌಸಲ್ಯಾ ಗಂಡನ ಪರವಾಗಿ ತೀರ್ಮಾನ ಕೊಟ್ಟರು.

ಒಳಗೆ ಗುರಲಿಂಗಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದ. ವಯಸ್ಸು 44. ಚಕ್ರ, ಕಟರ್, ಟೆಂಪೊ ಎಲ್ಲವನ್ನೂ ಕೇಳಿದ ಕೂಡಲೇ ಒಪ್ಪಿಕೊಂಡಿದ್ದ.

"ಯಾಕ ಕದ್ದಿ?"

ಅವನು ಕೈಗಳನ್ನು ನೋಡಿಕೊಂಡ. ಅಂಗೈಯ ನಡುವೆ ತೂತಿನ ಅಂಚು ಕೊರೆದು ಚರ್ಮ ಹರಿದಿತ್ತು.

"ನನ ಹೆಂಡ್ತಿ ಶೀಲಾವತಿಗೆ ದಮ್ಮ ಇತ್ರಿ. ಹೋದ ವರ್ಷ ಆಗಸ್ಟಿನ್ಯಾಗ ನೀರ ಬಂತು, ಕರೆಂಟ ಹೋತು, ಉಸರಿನ ಮಷಿನ್ ನಿಂತು. ಮನಿ ಬಾಗಲಾ ಕಿತ್ತು ಅದರ ಮ್ಯಾಲೆ ಮಲಗಿಸಿ ನಾಕ್ ಮಂದಿ ಹೊತ್ತಿವ್ರಿ. ಮೇನ್ ರೋಡ್ ನಾನೂರ ಮೀಟರ್ ಐತಿ. ಹೋಗಾಕ ಒಂದ್ ತಾಸು ನಲವತ್ ಮಿನಿಟ ಹಿಡೀತು." ಅವನು ಹರಿದ ಅಂಗೈಯನ್ನು ಮಡಚಿದ. "ಇವತ್ತ ದೋಣ್ಯಾಗ ಎಣಿಸಿ ನೋಡೀನ್ರಿ. ಹನ್ನೊಂದು ಮಿನಿಟ."

ದಾನೇಶ್ವರಿ ಅದನ್ನು ಮರಾಠಿಯಲ್ಲಿ ಬರೆದುಕೊಂಡಳು. ಪೆನ್ನು ನಡುವೆ ಒಮ್ಮೆ ನಿಂತಿತು. ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ, ಹಾಗೇ ಬರೆದಳು.

"ಮೇಡಂರೀ, ಒಂದ್ ಕೇಳ್ಲ್ಯಾ?"

"ಕೇಳು."

"ನಾಳೆ ಒಂದೂ ಇಪ್ಪತ್ತಕ್ಕ ಭರತ ಐತ್ರಿ, ಇವತ್ತಿಗಿಂತ ಜಾಸ್ತಿ. ದೋಣಿ ಎಲ್ಲಿರ್ತೈತಿ?"

"ಇಲ್ಲೇ, ಠಾಣೆ ಅಂಗಳದಾಗ. ಬೀಗ ಹಾಕಿ, ಕಾವಲ ಇಡ್ತೀವಿ."

ಅವನು ಕಿಟಕಿಯಿಂದ ಆಚೆ, ಎತ್ತರದ ಕಲ್ಲು ಹಾಸಿನ ಅಂಗಳವನ್ನು ನೋಡಿದ.

"ಇಲ್ಲಿ ನೀರ ಬರೂದಿಲ್ಲಲ್ರೀ?"

"ಇಲ್ಲ," ಎಂದಳು ದಾನೇಶ್ವರಿ, "ಇಲ್ಲಿ ಬರೂದಿಲ್ಲ."

ಅವನು ತಲೆಯಾಡಿಸಿದ. ಅವಳು ಕಾಗದವನ್ನು ಅವನ ಕಡೆ ಸರಿಸಿ ಸಹಿ ಮಾಡುವ ಜಾಗ ತೋರಿಸಿದಳು.